ದಂಡಿನ ವಾದ್ಯಮೇಳವೂ ಅದರ ಇಳಿಗಾಲವೂ

೧

ನಮ್ಮ ನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು ಪರಿಚಿತವಾದುದೇ. ರಾಷ್ಟ್ರಕೂಟರ ಮತ್ತು ಚಾಲುಕ್ಯರ ಕಾಲದ ಮಹಾಸಾಮಂತರೂ ಮಂಡಲೇಶ್ವರರೂ ತಮ್ಮ ಹೆಸರಿನೊಡನೆ ಈ ವಿಶೇಷಣವನ್ನು ಹೆಮ್ಮೆಯಿಂದ ಕೆತ್ತಿಸಿಕೊಳ್ಳುತ್ತಿದ್ದರು. ಶೃಂಗ, ಶಂಖ, ಭೇರಿ, ಜಯಘಂಟೆ, ತಮ್ಮಟ ಎಂಬ ಐದು ವಾದ್ಯಗಳನ್ನು ಮುಂದೆ ಮೊಳಗಿಸಿಕೊಂಡು ನಡೆಯುವ ಹಕ್ಕು ತಮಗೆ ಸಾರ್ವಭೌಮನಿಂದ ದೊರೆತಿದೆಯೆಂಬುದೇ ಅದರ ಅರ್ಥ. ಊರು, ಉಂಬಳಿ, ಆನೆ, ಕುದುರೆಗಳಂತೆ ನಾದವೂ ಒಂದು ಮರ್ಯಾದೆಯಾಗಿದ್ದಿತು. ಅದನ್ನು ಕೊಡುವವನೊಬ್ಬನಿದ್ದನು, ಪಡೆಯುವವನೊಬ್ಬನಿದ್ದನು. ಪಡೆದವನು ಅದಕ್ಕೆ ತಕ್ಕಂತೆ ನಡೆದುಕೊಳ್ಳಬೇಕಾಗಿದ್ದಿತು. ದಂಡಿನ ವಾದ್ಯವು ಅಧಿಕಾರದ ಗುರುತು, ಅಧಿಕಾರದೊಡನೆ ಬರುವ ಕರ್ತವ್ಯದ ಗುರುತು ಎಂಬ ಈ ಭಾವನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಮುಂದೆ ಹೇಳಲಿರುವ ವಿಷಯದ ತಿರುಳು ವಾಚಕರಿಗೆ ಸುಲಭವಾಗಿ ತಿಳಿದೀತು.

ಪಲ್ಟಣದ ಬ್ಯಾಂಡುಗಳು ಲೋಕದಲ್ಲೆಲ್ಲ ಕಡಮೆಯಾಗುತ್ತಿರುವುದನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಹೊಳೆಯುವ ಹಿತ್ತಾಳೆಯ ಕೊಳವೆಗಳು, ಕೆಂಪು ನಿಲುವಂಗಿ, ಒಂದೇ ಗತಿಯಲ್ಲಿ ಬೀಳುವ ಹೆಜ್ಜೆ, ಇವನ್ನೆಲ್ಲ ನೆನೆದು ‘ಆ ವೈಭವ ಇನ್ನೆಲ್ಲಿಯದು’ ಎಂದು ನಿಟ್ಟುಸಿರು ಬಿಡುವವರು ಒಂದು ಪಕ್ಷ. ‘ಅದು ಪರರ ಆಳ್ವಿಕೆಯ ಪಳೆಯುಳಿಕೆ, ನಮ್ಮ ಸಂಗೀತಕ್ಕೆ ಅದರಿಂದ ಆದುದೇನು? ಹೋದರೆ ಹೋಗಲಿ’ ಎನ್ನುವವರು ಇನ್ನೊಂದು ಪಕ್ಷ. ಎರಡು ಮಾತಿನಲ್ಲಿಯೂ ಸ್ವಲ್ಪ ಸತ್ಯವುಂಟು. ಆದರೆ ಇಬ್ಬರೂ ಬ್ಯಾಂಡಿನ ವೇಷವನ್ನು ನೋಡಿದ್ದಾರೆಯೇ ಹೊರತು ಅದರ ಬಾಳನ್ನು ನೋಡಿಲ್ಲವೆಂದು ನಮಗೆ ತೋರುತ್ತದೆ. ಯಾವ ಕಾರಣದಿಂದ ಅದು ಹುಟ್ಟಿ ಬೆಳೆಯಿತು, ಯಾವುದು ತಪ್ಪಿದುದರಿಂದ ಅದು ಕ್ಷೀಣಿಸಿತು, ಅದರಲ್ಲಿ ಉಳಿಸಿಕೊಳ್ಳಬೇಕಾದುದೇನಾದರೂ ಇದೆಯೆ ಎಂಬ ಮೂರು ಪ್ರಶ್ನೆಗಳನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨

ಯೂರೋಪಿನ ದಂಡುಗಳಿಗೆ ಈಗಿನ ರೀತಿಯ ವಾದ್ಯಮೇಳದ ಆಸೆಯನ್ನು ಹುಟ್ಟಿಸಿದವರು ಬಹುಮಟ್ಟಿಗೆ ತುರ್ಕರು. ಆಟೊಮನ್ ಸುಲ್ತಾನರ ಜಾನಿಸರಿ ಸೈನ್ಯದ ಮುಂದೆ ನಡೆಯುತ್ತಿದ್ದ ಮೆಹ್ತೆರ್ ಎಂಬ ಮೇಳದಲ್ಲಿ ನಮ್ಮ ಮೌರಿಯನ್ನು ಹೋಲುವ ಜುರ್ನಾ, ನಮ್ಮ ನಗಾರಿಯ ಬಳಗದ ನಕ್ಕಾರೆ, ದೊಡ್ಡ ಡೋಲು, ತಾಳ ಮುಂತಾದುವು ಇದ್ದುವು. ಹದಿನೆಂಟನೆಯ ಶತಮಾನದಲ್ಲಿ ಈ ದೊಡ್ಡ ಡೋಲೂ ತಾಳವೂ ಯೂರೋಪಿನ ಪಲ್ಟಣಗಳನ್ನು ಹೊಕ್ಕುವು. ಅಲ್ಲಿಂದ ಸಂಗೀತಶಾಲೆಗಳನ್ನೂ ಸೇರಿದುವು. ಹೇಡನ್ನನು ೧೭೯೪ರಲ್ಲಿ ಲಂಡನ್ನಿನಲ್ಲಿ ಕೇಳಿಸಿದ ‘ಮಿಲಿಟರಿ’ ಸಿಂಫನಿಯಲ್ಲಿಯೂ, ಬೀತೋವನ್ನನು ೧೮೨೪ರಲ್ಲಿ ಪೂರೈಸಿದ ಒಂಬತ್ತನೆಯ ಸಿಂಫನಿಯ ಕಡೆಯ ಭಾಗದಲ್ಲಿಯೂ ಆ ತುರ್ಕಿ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ದಂಡಿನ ಬೀದಿಯಲ್ಲಿ ಹುಟ್ಟಿದ ನಾದವು ಮಹಾಕವಿಗಳಂತಹ ಸಂಗೀತಗಾರರ ಕೃತಿಗಳೊಳಕ್ಕೆ ಹರಿದ ಈ ಸಂಗತಿಯನ್ನು ವಾಚಕರು ಗಮನದಲ್ಲಿಡಬೇಕು. ನಮ್ಮ ನಾಡಿನಲ್ಲಿಯೂ ಇದೇ ಆಯಿತೆಂಬುದನ್ನು ಮುಂದೆ ನೋಡುವೆವು.

ಬ್ಯಾಂಡಿನವರು ಪಲ್ಟಣದಲ್ಲಿ ಮಾಡುತ್ತಿದ್ದ ಕೆಲಸವಾದರೂ ಏನು? ಮೊದಲನೆಯದು ಹೆಜ್ಜೆ. ನೂರಾರು ಮಂದಿ ಒಂದೇ ಕಾಲಪ್ರಮಾಣದಲ್ಲಿ ನಡೆಯಬೇಕಾದರೆ ಅದಕ್ಕೆ ತಾಳ ಬೇಕು. ಬ್ರಿಟಿಷ್ ಕಾಲಾಳುಗಳ ಸಾಮಾನ್ಯ ನಡಿಗೆ ನಿಮಿಷಕ್ಕೆ ಸುಮಾರು ೧೨೦ ಹೆಜ್ಜೆ. ಲಘುಪದಾತಿಗಳದೂ ರೈಫಲ್ ಪಡೆಗಳದೂ ೧೪೦. ಕಣ್ಣುಮುಚ್ಚಿಕೊಂಡು ಕೇಳಿದರೂ ಬರುವ ಪಲ್ಟಣ ಯಾವ ಜಾತಿಯದೆಂದು ಗತಿಯಿಂದಲೇ ತಿಳಿಯುತ್ತಿದ್ದಿತು. ಎರಡನೆಯದು ಸಂಕೇತ. ಏಳುವುದಕ್ಕೆ, ಉಣ್ಣುವುದಕ್ಕೆ, ಮುನ್ನುಗ್ಗುವುದಕ್ಕೆ, ಹಿಂದೆಗೆಯುವುದಕ್ಕೆ, ದೀಪವಾರಿಸುವುದಕ್ಕೆ ಬೇರೆಬೇರೆ ಕಹಳೆಯ ಕೂಗುಗಳಿದ್ದುವು. ‘ಟ್ಯಾಟೂ’ ಎಂಬ ರಾತ್ರಿಯ ಮೇಳದ ಹೆಸರೇ, ಪಾನಗೃಹದವರು ಪೀಪಾಯಿಗಳ ನಲ್ಲಿಯನ್ನು ಮುಚ್ಚಬೇಕೆಂಬ ಡಚ್ಚರ ಮಾತಿನಿಂದ ಬಂದುದು. ಮೂರನೆಯದು, ಯುದ್ಧ ಮೊದಲಾದಾಗ ಕೊಳಲನ್ನು ಕೆಳಗಿಟ್ಟು ಡೋಲಿಯನ್ನು ಹೊತ್ತು, ಗುಂಡುಗಳ ನಡುವಿನಿಂದ ಗಾಯಗೊಂಡವರನ್ನು ಹೊರಕ್ಕೆ ತರುವುದು. ಬೆಳಗ್ಗೆ ಗೆಳೆಯನ ಹೆಜ್ಜೆಗೆ ತಾಳ ಕೊಟ್ಟವನೇ ಸಂಜೆ ಅವನನ್ನು ಹೊತ್ತು ತರುತ್ತಿದ್ದನು. ಮಾರನೆಯ ದಿನ ಅವನ ಗೋರಿಯ ಬಳಿ ಕಹಳೆಯೂದುತ್ತಿದ್ದನು.

ಈ ಸಂಪ್ರದಾಯದಲ್ಲಿ ಎಲ್ಲವೂ ಸುಂದರವಾಗಿದ್ದಿತೆಂದು ಹೇಳುವುದು ಸತ್ಯಕ್ಕೆ ದೂರ. ತಪ್ಪುಮಾಡಿದ ಸಿಪಾಯಿಗೆ ಚಾಟಿಯಿಂದ ಹೊಡೆಯುವ ಕೆಲಸ ಬ್ರಿಟಿಷ್ ಸೈನ್ಯದಲ್ಲಿ ತಮಟೆಯವರ ಪಾಲಿಗೇ ಬಂದಿದ್ದಿತು. ೧೮೮೧ರಲ್ಲಿ ಆ ಶಿಕ್ಷೆ ನಿಂತುಹೋಗುವ ವರೆಗೂ ನಾದವನ್ನು ಕಲಿತ ಕೈಯೇ ಚಾಟಿಯನ್ನೂ ಬೀಸಬೇಕಾಗಿದ್ದಿತು. ಮಾನಗೆಟ್ಟವನನ್ನು ದಂಡಿನಿಂದ ಹೊರದೂಡುವಾಗ ನುಡಿಸುವುದಕ್ಕೂ ಒಂದು ಪ್ರತ್ಯೇಕ ಗತ್ತಿದ್ದಿತು. ಇಂತಹವುಗಳು ಅಳಿದುದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಹಳೆಯದೆಂಬ ಮಾತ್ರದಿಂದ ಎಲ್ಲವನ್ನೂ ಹೊಗಳುವವರು ಇದನ್ನು ನೆನಪಿನಲ್ಲಿಡುವುದೊಳ್ಳೆಯದು.

ಬ್ಯಾಂಡಿನ ಖರ್ಚು ಬಹುಕಾಲ ಸರ್ಕಾರದ್ದಾಗಿರಲಿಲ್ಲ. ಪಲ್ಟಣದ ಅಧಿಕಾರಿಗಳು ತಮ್ಮ ಸಂಬಳದಿಂದ ಚಂದಾ ಎತ್ತಿ ವಾದ್ಯಗಳನ್ನು ಕೊಳ್ಳುತ್ತಿದ್ದರು. ಜರ್ಮನಿಯಿಂದಲೋ ಇಟಲಿಯಿಂದಲೋ ಬ್ಯಾಂಡು ಮಾಸ್ತರರನ್ನು ಕರೆಸುತ್ತಿದ್ದರು. ಪ್ರತಿಯೊಂದು ಪಲ್ಟಣಕ್ಕೂ ತನ್ನದೇ ನಡೆಗೀತ, ತನ್ನದೇ ಶ್ರುತಿ. ಇದರ ದೋಷವು ೧೮೫೪ರಲ್ಲಿ ಕ್ರಿಮಿಯಾ ಯುದ್ಧದ ಕಾಲದಲ್ಲಿ ಬೈಲಿಗೆ ಬಿದ್ದಿತಂತೆ. ರಾಣಿಯ ಹುಟ್ಟುಹಬ್ಬದ ಸಲುವಾಗಿ ಸ್ಕುಟಾರಿಯಲ್ಲಿ ನೆರೆದ ಬ್ಯಾಂಡುಗಳೆಲ್ಲ ಏಕಕಾಲದಲ್ಲಿ ರಾಷ್ಟ್ರಗೀತವನ್ನೆತ್ತಿಕೊಂಡಾಗ ಒಬ್ಬೊಬ್ಬರ ಶ್ರುತಿ ಒಂದೊಂದಾಗಿ, ಕೇಳಿದವರು ನಾಚಿಕೆಪಟ್ಟರೆಂದು ಹೇಳುವರು. ಅನಂತರ ೧೮೫೭ರಲ್ಲಿ ಕೇಂಬ್ರಿಜ್ ಡ್ಯೂಕನ ಪ್ರಯತ್ನದಿಂದ ನೆಲ್ಲರ್ ಹಾಲ್ ಎಂಬ ಭವನದಲ್ಲಿ ಸೈನ್ಯದ ಸಂಗೀತಶಾಲೆ ಸ್ಥಾಪಿತವಾಯಿತು. ಹೀಗೆ ಶಿಕ್ಷಣ ಒಂದೇ ಕಡೆ, ಬಾಳುವೆ ಅವರವರ ಪಲ್ಟಣದಲ್ಲಿ ಎಂಬ ಏರ್ಪಾಡಾಯಿತು. ಬ್ಯಾಂಡಿನ ಏಳಿಗೆಯ ಕಾಲ ಅದೇ.

ಆ ಏರ್ಪಾಡಿನ ಫಲವನ್ನು ನೋಡಬೇಕಾದರೆ ಎಫ್. ಜೆ. ರಿಕೆಟ್ಸ್ ಎಂಬಾತನ ಚರಿತ್ರೆಯೊಂದೇ ಸಾಕು. ತಾಯಿತಂದೆಗಳಿಲ್ಲದ ಈ ಹುಡುಗನು ಹದಿನಾಲ್ಕನೆಯ ವಯಸ್ಸಿನಲ್ಲಿ ಬ್ಯಾಂಡಿನ ಹುಡುಗನಾಗಿ ಪಲ್ಟಣವನ್ನು ಸೇರಿದನು. ಅದರೊಡನೆ ಹಿಂದೂಸ್ಥಾನಕ್ಕೂ ಬಂದಿದ್ದನು. ಅನಂತರ ನೆಲ್ಲರ್ ಹಾಲಿನಲ್ಲಿ ಕಲಿತು ಬ್ಯಾಂಡು ಮಾಸ್ತರನಾಗಿ, ‘ಕೆನೆತ್ ಆಲ್ಫರ್ಡ್’ ಎಂಬ ಕಾವ್ಯನಾಮದಿಂದ ನಡೆಗೀತಗಳನ್ನು ರಚಿಸಿದನು. ೧೯೧೪ರ ಅವನ ‘ಕರ್ನಲ್ ಬೋಗಿ’ಯನ್ನು, ಹೆಸರು ತಿಳಿಯದಿದ್ದರೂ, ಸಿಳ್ಳಿನಲ್ಲಿ ಕೇಳದವರು ವಿರಳ. ವಿದ್ವತ್ಸಂಗೀತಗಾರರೂ ಈ ಮೇಳವನ್ನು ಹೀನವೆಂದು ಬಗೆಯಲಿಲ್ಲ. ಹೋಲ್ಸ್ಟನು ೧೯೦೯ರಲ್ಲಿ ಬ್ಯಾಂಡಿಗೆಂದೇ ಒಂದು ರಚನೆಯನ್ನು ಮಾಡಿದನು. ವಾನ್ ವಿಲಿಯಮ್ಸನು ತನ್ನ ನಾಡಿನ ಜನಪದ ಗೀತಗಳನ್ನು ಪೋಣಿಸಿ ಮಾಡಿದ ರಚನೆಯನ್ನು ೧೯೨೩ರಲ್ಲಿ ನೆಲ್ಲರ್ ಹಾಲಿನಲ್ಲಿಯೇ ಮೊದಲು ನುಡಿಸಿದರು. ಅನಾಥ ಹುಡುಗನನ್ನು ರಚನಕಾರನನ್ನಾಗಿ ಮಾಡಿದ, ಹೊಲದ ಹಾಡನ್ನು ಸಭೆಯ ಸಂಗೀತವಾಗಿ ಏರಿಸಿದ ಸಂಸ್ಥೆಯನ್ನು ಬರಿಯ ಡಂಬವೆಂದು ತಳ್ಳಿಬಿಡುವುದು ವಿಮರ್ಶೆಯಾಗಲಾರದು.

೩

ಇಂತಹ ಸಂಸ್ಥೆ ಏಕೆ ಇಳಿಮುಖವಾಯಿತು? ಜನರ ಅಭಿರುಚಿ ಬದಲಾಯಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಗ್ರಾಮಫೋನೂ ರೇಡಿಯೋವೂ ಬಂದಮೇಲೆ ಉದ್ಯಾನದ ಮಂಟಪದೆದುರು ಸಂಜೆ ನೆರೆಯುತ್ತಿದ್ದ ಜನ ಮನೆಯಲ್ಲಿಯೇ ಉಳಿದುದು ನಿಜ. ಆದರೆ ಅಭಿರುಚಿ ಬದಲಾಗುವುದಕ್ಕೆ ಮೊದಲೇ ಬ್ಯಾಂಡಿನ ಕೆಲಸ ಕೈಬಿಟ್ಟಿದ್ದಿತು. ದೂರಗಾಮಿಯಾದ ಬಂದೂಕುಗಳ ಮುಂದೆ ಸಾಲಾಗಿ ನಡೆಯುವುದೇ ಅವಿವೇಕವಾಯಿತು. ಹೆಜ್ಜೆಯ ತಾಳ ಕವಾಯತಿನ ಮೈದಾನಕ್ಕೆ ಸೀಮಿತವಾಯಿತು. ನಿಸ್ತಂತು ಯಂತ್ರ ಬಂದಮೇಲೆ ಕಹಳೆಯ ಕೂಗಿಗೆ ರಣರಂಗದಲ್ಲಿ ಸ್ಥಳವಿಲ್ಲದೆ ಹೋಯಿತು. ಗಾಯಾಳುಗಳನ್ನು ನೋಡಿಕೊಳ್ಳುವುದಕ್ಕೆ ಅದನ್ನೇ ಕಲಿತ ಪಡೆಗಳು ಹುಟ್ಟಿದುವು. ಕೆಲಸ ಹೋದಮೇಲೆ ಉಳಿದುದು ಉತ್ಸವವೊಂದೇ. ಉತ್ಸವಕ್ಕೆ ಮಾತ್ರ ಬೇಕಾದ ವಸ್ತುವನ್ನು ಲೆಕ್ಕಪತ್ರದವರು ಬಹುಕಾಲ ಕಣ್ಣುಮುಚ್ಚಿ ನೋಡುವುದಿಲ್ಲವಷ್ಟೆ.

ಬ್ರಿಟನ್ನಿನಲ್ಲಿ ಈ ಲೆಕ್ಕಾಚಾರದ ದಿನ ೧೯೯೪ರಲ್ಲಿ ಬಂದಿತು. ಶೀತಲಯುದ್ಧ ಮುಗಿದಮೇಲೆ ಸೈನ್ಯವನ್ನು ಕಿರಿದುಮಾಡಿದಾಗ ಪಲ್ಟಣಗಳ ಕೈಯಿಂದ ಬ್ಯಾಂಡುಗಳನ್ನು ತೆಗೆದು, ವಾದಕರನ್ನೆಲ್ಲ ಸೈನ್ಯ ಸಂಗೀತ ದಳವೆಂಬ ಒಂದೇ ದಳಕ್ಕೆ ಸೇರಿಸಿದರು. ಬ್ಯಾಂಡುಗಳ ಸಂಖ್ಯೆ ಅರ್ಧಕ್ಕಿಂತಲೂ ಕಡಮೆಯಾಯಿತು. ಗಾರ್ಡ್ಸ್ ಪಲ್ಟಣಗಳ ಐದು ಬ್ಯಾಂಡುಗಳು ತಮ್ಮ ಹಳೆಯ ಹೆಸರುಗಳನ್ನು ಉಳಿಸಿಕೊಂಡುವು. ಉಳಿದ ಕೆಲವಕ್ಕೆ ಕಾಲಕ್ರಮದಲ್ಲಿ ಕ್ಯಾಟರಿಕ್, ಟಿಡ್‌ವರ್ತ್, ಕಾಲ್ಚೆಸ್ಟರ್ ಎಂದು ಅವು ಬೀಡುಬಿಟ್ಟ ಸ್ಥಳಗಳ ಹೆಸರೇ ಬಂದಿತು. ನೆಲ್ಲರ್ ಹಾಲಿನಿಂದ ಸಂಗೀತಶಾಲೆಯೂ ೨೦೨೧ರಲ್ಲಿ ಪೋರ್ಟ್ಸ್‌ಮತ್ತಿಗೆ ಹೊರಟುಹೋಯಿತು. ವಾದಕರ ಸಾಧನೆ ಇದರಿಂದ ಕುಂದಿತೆಂದು ಹೇಳಲಾಗದು; ಶಾಸ್ತ್ರೀಯವಾಗಿ ನೋಡಿದರೆ ಈಗಿನ ವಾದಕನು ಹಿಂದಿನವನಿಗಿಂತ ಹೆಚ್ಚು ಕಲಿತವನೇ ಇರಬಹುದು. ಹೋದುದು ಸಂಬಂಧ. ಒಂದು ಪಲ್ಟಣದವನು ತನ್ನವರಿಗಾಗಿ ನುಡಿಸುವುದಕ್ಕೂ, ಪಟ್ಟಿಯಲ್ಲಿ ಹೆಸರು ಬಂದ ದಿನ ಯಾರಿಗೋ ಹೋಗಿ ನುಡಿಸಿ ಬರುವುದಕ್ಕೂ ಇರುವ ಭೇದವನ್ನು ನಮ್ಮ ದೇವಸ್ಥಾನದ ವಾಲಗವನ್ನೂ ಬಾಡಿಗೆಯ ವಾಲಗವನ್ನೂ ಕೇಳಿದವರಿಗೆ ವಿವರಿಸಬೇಕಾಗಿಲ್ಲ.

ಬ್ಯಾಂಡಿನವರ ನಿರಾಯುಧ ಜೀವನಕ್ಕೆ ಬೆಲೆಯಿಲ್ಲದಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ೧೯೮೨ರ ಜುಲೈ ೨೦ರಂದು ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮಂಟಪದಲ್ಲಿ ಊರ ಜನರಿಗಾಗಿ ನುಡಿಸುತ್ತಿದ್ದ ರಾಯಲ್ ಗ್ರೀನ್ ಜ್ಯಾಕೆಟ್ಸ್ ಪಡೆಯ ಏಳು ಮಂದಿ ವಾದಕರು ಐರಿಷ್ ಕ್ರಾಂತಿಕಾರರ ಬಾಂಬಿಗೆ ಬಲಿಯಾದರು. ೧೯೮೯ರ ಸೆಪ್ಟೆಂಬರಿನಲ್ಲಿ ಡೀಲ್ ಪಟ್ಟಣದ ನೌಕಾಪಡೆಯ ಸಂಗೀತಶಾಲೆಯಲ್ಲಿ ಹನ್ನೊಂದು ಮಂದಿ ಅದೇ ರೀತಿಯಲ್ಲಿ ಮಡಿದರು. ಜನರ ನಡುವೆ ಬಾಗಿಲಿಲ್ಲದ ಮಂಟಪದಲ್ಲಿ ಕುಳಿತು ನುಡಿಸುವುದೇ ಅವರ ವೃತ್ತಿಯಾಗಿದ್ದುದರಿಂದ ಅವರು ಸುಲಭವಾದ ಗುರಿಯಾದರು.

ಇಳಿಗಾಲದ ಸ್ವರೂಪವನ್ನು ಎಲ್ಲಕ್ಕಿಂತಲೂ ಸ್ಪಷ್ಟವಾಗಿ ತೋರಿಸುವ ನಿದರ್ಶನ ಅಮೆರಿಕದ್ದು. ಅಲ್ಲಿ ಸೈನಿಕನ ಅಂತ್ಯಕ್ರಿಯೆಯಲ್ಲಿ ಊದುವ ‘ಟ್ಯಾಪ್ಸ್’ ಎಂಬ ಇಪ್ಪತ್ತನಾಲ್ಕು ಸ್ವರಗಳ ಕೂಗು ೧೮೬೨ರಲ್ಲಿ, ಒಳಯುದ್ಧದ ಕಾಲದಲ್ಲಿ, ಸೇನಾನಿ ಬಟರ್‌ಫೀಲ್ಡನಿಂದ ರೂಪುಗೊಂಡುದು. ಸೈನ್ಯದಲ್ಲಿ ಸೇವೆಮಾಡಿದ ಪ್ರತಿಯೊಬ್ಬನಿಗೂ ಸತ್ತಾಗ ಈ ಗೌರವ ಸಲ್ಲಬೇಕೆಂದು ಕಾನೂನಾಯಿತು. ಆದರೆ ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದವರು ದಿನದಿನವೂ ಬಹುಸಂಖ್ಯೆಯಲ್ಲಿ ತೀರಿಕೊಳ್ಳುತ್ತಿದ್ದುದರಿಂದ ಕಹಳೆಗಾರರು ಸಾಲದೆ ಹೋದರು. ಇದಕ್ಕೆ ೨೦೦೩ರಲ್ಲಿ ಅಲ್ಲಿನ ರಕ್ಷಣಾ ಇಲಾಖೆಯವರು ಕಂಡುಕೊಂಡ ಉಪಾಯವಿದು: ಕಹಳೆಯ ಬಾಯೊಳಗೆ ಒಂದು ಚಿಕ್ಕ ಯಂತ್ರವನ್ನಿಟ್ಟು, ಅದರಲ್ಲಿ ಮುದ್ರಿತವಾದ ಸಂಗೀತ ಹೊರಡುವಂತೆ ಮಾಡುವುದು; ಊದಲು ಬಾರದ ಸೈನಿಕನೊಬ್ಬನು ಅದನ್ನು ತುಟಿಗಿಟ್ಟುಕೊಂಡು ಊದಿದಂತೆ ನಿಲ್ಲುವುದು.

ಈ ಯಂತ್ರದಲ್ಲಿ ಸ್ವರ ತಪ್ಪುವುದಿಲ್ಲ. ಸ್ವರ ತಪ್ಪಿದ ಒಂದು ದಿನವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ೧೯೬೩ರ ನವೆಂಬರ್ ೨೫ರಂದು ಆರ್ಲಿಂಗ್‌ಟನ್ ಸ್ಮಶಾನದಲ್ಲಿ ಅಧ್ಯಕ್ಷ ಕೆನೆಡಿಯವರ ಸಮಾಧಿಯ ಬಳಿ ಟ್ಯಾಪ್ಸ್ ಊದಿದವನು ಕೀತ್ ಕ್ಲಾರ್ಕ್ ಎಂಬ ನಿಪುಣನಾದ ಸೈನಿಕ ವಾದಕ. ಚಳಿಯಲ್ಲಿ ಬಹುಹೊತ್ತು ಕಾದು ನಿಂತಿದ್ದ ಅವನ ತುಟಿಯಲ್ಲಿ ಆರನೆಯ ಸ್ವರ ಒಡೆಯಿತು. ಕೇಳಿದವರು ಅದನ್ನು ತಪ್ಪೆಂದು ಎಣಿಸಲಿಲ್ಲ. ಇಡೀ ದೇಶದ ಬಿಕ್ಕಳಿಕೆ ಆ ಒಡೆದ ಸ್ವರದಲ್ಲಿ ಕೇಳಿಸಿತೆಂದು ಬರೆದರು. ಸತ್ತವನಿಗಾಗಿ ಬದುಕಿರುವವನೊಬ್ಬನು ತನ್ನ ಉಸಿರನ್ನು ಕೊಡುವುದೇ ಆ ಆಚಾರದ ಜೀವಾಳ. ಉಸಿರಿಗೆ ನಡುಕವುಂಟು, ಆಯಾಸವುಂಟು. ಆದುದರಿಂದಲೇ ಅದಕ್ಕೆ ಬೆಲೆ. ಮಡಿದ ಬಡ ಸೈನಿಕನಿಗೆ ಏನೂ ಇಲ್ಲದುದಕ್ಕಿಂತ ಯಂತ್ರದ ಕಹಳೆಯಾದರೂ ಮೇಲೆಂದು ವಾದಿಸಬಹುದು. ಆದರೆ ಊದಿದಂತೆ ನಟಿಸುವುದಕ್ಕಿಂತ, ಅದು ಮುದ್ರಿತ ಸಂಗೀತವೆಂದು ಬಹಿರಂಗವಾಗಿಯೇ ಕೇಳಿಸಿ ತಲೆಬಾಗಿ ನಿಲ್ಲುವುದು ಸತ್ಯಕ್ಕೆ ಹತ್ತಿರ. ಸಂಪ್ರದಾಯ ಸಾಯುವುದು ನಿಂತುಹೋದಾಗ ಮಾತ್ರವಲ್ಲ. ಅದರ ಹಾವಭಾವ ಉಳಿದು ಪ್ರಾಣ ಹೋದಾಗಲೂ ಸಾಯುತ್ತದೆ. ಉತ್ಸವಮೂರ್ತಿಯಿಲ್ಲದ ತೇರನ್ನು ಎಷ್ಟು ಸಿಂಗರಿಸಿ ಎಳೆದರೇನು?

ಕಡಿದ ತಂತು ಮತ್ತೆ ಕೂಡುವುದು ಎಷ್ಟು ಕಷ್ಟವೆಂಬುದಕ್ಕೆ ತುರ್ಕರ ಮೇಳವೇ ಸಾಕ್ಷಿ. ಎರಡನೆಯ ಮಹಮೂದ್ ಸುಲ್ತಾನನು ೧೮೨೬ರಲ್ಲಿ ಜಾನಿಸರಿಗಳನ್ನು ನಿರ್ಮೂಲಮಾಡಿದಾಗ ಅವರೊಡನೆ ಮೆಹ್ತೆರನ್ನೂ ರದ್ದುಮಾಡಿದನು. ೧೮೨೮ರಲ್ಲಿ ಇಟಲಿಯಿಂದ ಜುಸೆಪ್ಪೆ ಡೊನಿಜೆಟ್ಟಿಯನ್ನು ಕರೆಸಿ ಪಾಶ್ಚಾತ್ಯ ಬ್ಯಾಂಡನ್ನು ಕಟ್ಟಿಸಿದನು. ಯೂರೋಪಿಗೆ ಡೋಲನ್ನು ಕೊಟ್ಟವರು ಯೂರೋಪಿನಿಂದಲೇ ಬ್ಯಾಂಡನ್ನು ತರಿಸಿಕೊಂಡಂತಾಯಿತು! ಇಪ್ಪತ್ತನೆಯ ಶತಮಾನದಲ್ಲಿ ಮೆಹ್ತೆರನ್ನು ಮತ್ತೆ ಎಬ್ಬಿಸಿದರು. ಇಸ್ತಾಂಬುಲಿನ ಸೈನ್ಯವಸ್ತುಸಂಗ್ರಹಾಲಯದಲ್ಲಿ ಅದನ್ನು ಈಗಲೂ ಕೇಳಬಹುದು. ಆದರೆ ಬಾಯಿಂದ ಬಾಯಿಗೆ ಬಂದ ಹಳೆಯ ರಚನೆಗಳಲ್ಲಿ ಬಹುಭಾಗ ಅಷ್ಟರೊಳಗೆ ಮರೆತುಹೋಗಿದ್ದುವು. ವೇಷ ಹಿಂದಿರುಗಿತು, ಹಾಡು ಹಿಂದಿರುಗಲಿಲ್ಲ.

೪

ಇನ್ನು ನಮ್ಮ ಕಡೆಗೆ ತಿರುಗೋಣ. ದಂಡಿನ ಬ್ಯಾಂಡು ನಮ್ಮ ಸಂಗೀತಕ್ಕೆ ಏನೂ ಮಾಡಲಿಲ್ಲವೆಂಬ ಮಾತು ನಿಲ್ಲತಕ್ಕುದಲ್ಲ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡಿನ ಗತ್ತುಗಳನ್ನು ಕೇಳಿದ ಮುತ್ತುಸ್ವಾಮಿ ದೀಕ್ಷಿತರು (೧೭೭೫–೧೮೩೫) ಅವುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ಸುಮಾರು ನಾಲ್ವತ್ತು ‘ನೋಟ್ಟುಸ್ವರ’ಗಳನ್ನು ರಚಿಸಿದರು. ಇಂಗ್ಲೆಂಡಿನ ರಾಜಗೀತದ ಮಟ್ಟಿನಲ್ಲಿಯೇ ದೇವಿಯ ಸ್ತುತಿಯನ್ನು ಅವರು ಹಾಡಿದರು. ಆಳುವವರ ಸ್ತೋತ್ರದ ಧಾಟಿಯನ್ನು ತೆಗೆದುಕೊಂಡು ಶ್ಯಾಮಲೆಯ ಪಾದಕ್ಕೆ ಅರ್ಪಿಸಿದ ಆ ಮಹನೀಯರ ನಿಸ್ಸಂಕೋಚವನ್ನು ಎಷ್ಟು ಕೊಂಡಾಡಿದರೂ ಸಾಲದು. ಅವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕಲಿತುದೂ ಆ ಯೂರೋಪಿಯನ್ನರ ಸಹವಾಸದಿಂದಲೇ. ಇಂದು ಪಿಟೀಲಿಲ್ಲದೆ ನಮ್ಮ ಕಚೇರಿ ಉಂಟೆ? ಮೈಸೂರು ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರು ರಚಿಸಿದ, ಮಧುರೆ ಮಣಿ ಅಯ್ಯರ್ ಅವರಿಂದ ಮನೆಮನೆಗೂ ಪರಿಚಿತವಾದ ‘ಇಂಗ್ಲಿಷ್ ನೋಟ್’ ಅದೇ ಪರಂಪರೆಯ ಕೂಸು.

ಇನ್ನೊಂದು ಸರಪಣಿಯನ್ನು ನೋಡಿರಿ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸನು ೧೮೪೬ರಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೊಫೋನ್ ವಾದ್ಯಕ್ಕೆ ಮೊದಲು ನೆಲೆಕೊಟ್ಟುದು ಫ್ರಾನ್ಸಿನ ಸೈನ್ಯದ ಬ್ಯಾಂಡುಗಳು. ಅಲ್ಲಿಂದ ಅದು ಎಲ್ಲ ಬ್ಯಾಂಡುಗಳಿಗೂ ಹರಡಿ ಮೈಸೂರಿನ ಅರಮನೆಯ ಬ್ಯಾಂಡನ್ನೂ ಸೇರಿತು. ದಕ್ಷಿಣ ಕನ್ನಡದ ನಾಗಸ್ವರ ವಿದ್ವಾಂಸರೊಬ್ಬರ ಮಗನಾದ ಬಾಲಕನೊಬ್ಬನು ಮೈಸೂರಿನಲ್ಲಿ ಅದರ ನಾದವನ್ನು ಕೇಳಿ ಮನಸೋತನು. ಆತನೇ ಕದ್ರಿ ಗೋಪಾಲನಾಥರು (೧೯೪೯–೨೦೧೯). ವಾದ್ಯದಲ್ಲಿ ಬೇಕಾದ ಮಾರ್ಪಾಟುಗಳನ್ನು ಮಾಡಿಕೊಂಡು, ಬಹುವರ್ಷಗಳ ಸಾಧನೆಯಿಂದ ಅದರಲ್ಲಿ ಗಮಕವನ್ನು ನುಡಿಸಿ, ೧೯೯೪ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನ ಪ್ರಾಮೆನೇಡ್ ಕಚೇರಿಯಲ್ಲಿ ಅವರು ಕರ್ಣಾಟಕ ಸಂಗೀತವನ್ನು ಕೇಳಿಸಿದರು. ಫ್ರಾನ್ಸಿನ ಪಲ್ಟಣಕ್ಕೆಂದು ಬಂದ ಕೊಳವೆಯಲ್ಲಿ ತ್ಯಾಗರಾಜರ ಕೃತಿ ನುಡಿಯಬೇಕಾದರೆ ನಡುವೆ ಒಂದು ಅರಮನೆಯ ಬ್ಯಾಂಡು ಇರಬೇಕಾಯಿತು. ಆ ಬ್ಯಾಂಡಿನವರಲ್ಲಿ ಯಾರ ಹೆಸರೂ ಈ ಕೀರ್ತಿಯಲ್ಲಿ ಸೇರಿಲ್ಲ. ಆದರೆ ದಾರಿಯಾಗಿ ನಿಂತವರು ಅವರು.

ಉತ್ತರದಲ್ಲಿಯೂ ಇಂತಹುದುಂಟು. ಅಲ್ಲಾವುದ್ದೀನ್ ಖಾನರು ೧೯೧೮ರ ಸುಮಾರಿಗೆ ಮೈಹರ್ ಸಂಸ್ಥಾನದಲ್ಲಿ ಅನಾಥ ಬಾಲಕರನ್ನು ಕೂಡಿಸಿ ಕಟ್ಟಿದ ವಾದ್ಯವೃಂದಕ್ಕಾಗಿ, ಬಂದೂಕಿನ ನಳಿಗೆಗಳನ್ನು ಕತ್ತರಿಸಿ ‘ನಳತರಂಗ’ವೆಂಬ ವಾದ್ಯವನ್ನೇ ಮಾಡಿದರು. ಗೂರ್ಖಾ ಪಲ್ಟಣದ ವಾದಕರಾಗಿದ್ದ ರಾಮಸಿಂಗ್ ಠಾಕೂರಿಯವರು ಸುಭಾಷಚಂದ್ರರ ಆಜಾದ್ ಹಿಂದ್ ಸೇನೆಯನ್ನು ಸೇರಿ ‘ಕದಮ್ ಕದಮ್ ಬಢಾಯೇ ಜಾ’ ಎಂಬ ನಡೆಗೀತಕ್ಕೆ ರಾಗ ಸಂಯೋಜಿಸಿದರು. ಬ್ರಿಟಿಷರ ಬ್ಯಾಂಡಿನಲ್ಲಿ ಕಲಿತ ವಿದ್ಯೆಯೇ ಬ್ರಿಟಿಷರ ವಿರುದ್ಧ ಹೆಜ್ಜೆಹಾಕಿಸಿತು. ಸ್ವಾತಂತ್ರ್ಯ ಬಂದಮೇಲೆ, ೧೯೫೦ರಲ್ಲಿ, ಪಚ್‌ಮಢಿಯಲ್ಲಿ ಸೈನ್ಯದ ಸಂಗೀತ ಶಿಕ್ಷಣಶಾಲೆ ಸ್ಥಾಪಿತವಾದುದು ನಮ್ಮ ಕೊಡಗಿನವರೇ ಆದ ಸೇನಾಪತಿ ಕಾರ್ಯಪ್ಪನವರ ಆಶ್ರಯದಲ್ಲಿ ಎಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಆ ಶಾಲೆಯ ದೆಸೆಯಿಂದ ನಮ್ಮ ದೇಶದ ಪಲ್ಟಣಗಳಲ್ಲಿ ಬ್ಯಾಂಡು ಇನ್ನೂ ಜೀವಂತವಾಗಿದೆ.

ದೆಹಲಿಯ ವಿಜಯ್ ಚೌಕದಲ್ಲಿ ಜನವರಿ ೨೯ರ ಸಂಜೆ ನಡೆಯುವ ‘ಬೀಟಿಂಗ್ ರಿಟ್ರೀಟ್’ ಉತ್ಸವವನ್ನು ಕುರಿತು ಎದ್ದ ವಿವಾದ ವಾಚಕರಿಗೆ ನೆನಪಿರಬಹುದು. ಗಾಂಧೀಜಿಯವರಿಗೆ ಪ್ರಿಯವಾಗಿದ್ದ ‘ಅಬೈಡ್ ವಿತ್ ಮಿ’ ಎಂಬ ಕ್ರೈಸ್ತ ಪ್ರಾರ್ಥನೆಯನ್ನು ೨೦೨೨ರಲ್ಲಿ ಕೈಬಿಟ್ಟು ‘ಏ ಮೇರೆ ವತನ್ ಕೆ ಲೋಗೋ’ ಗೀತವನ್ನು ಸೇರಿಸಿದರು. ಮರುವರ್ಷ ನುಡಿಸುವ ರಚನೆಗಳೆಲ್ಲ ಭಾರತೀಯವೇ ಎಂದು ಪ್ರಕಟಿಸಿದರು. ಕೆಲವರು ಹಿಗ್ಗಿದ್ದರು, ಕೆಲವರು ಮರುಗಿದ್ದರು. ನಮ್ಮ ರಾಗಗಳಲ್ಲಿ ನಡೆಗೀತಗಳು ಹುಟ್ಟಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಹಳೆಯದೊಂದನ್ನು ಹೊರದೂಡಿದ ಮಾತ್ರದಿಂದ ಹೊಸದು ಹುಟ್ಟುವುದಿಲ್ಲ. ದೀಕ್ಷಿತರು ಪರಕೀಯ ಮಟ್ಟನ್ನು ಹೊರದೂಡಲಿಲ್ಲ, ತಮ್ಮದನ್ನಾಗಿ ಮಾಡಿಕೊಂಡರು. ಚಲನಚಿತ್ರದ ಮತ್ತು ಸಭೆಯ ಹಾಡುಗಳನ್ನು ಹಿತ್ತಾಳೆಯ ವಾದ್ಯಗಳಿಗೆ ಹಂಚಿಕೊಟ್ಟುದು ಬ್ಯಾಂಡಿನ ರಚನೆಯೆನಿಸಲಾರದು. ಬ್ಯಾಂಡಿನ ವಾದ್ಯಗಳ ಗುಣದೋಷಗಳನ್ನು ಬಲ್ಲವನು, ಆ ಮೇಳಕ್ಕೆಂದೇ ಯೋಚಿಸಿ ಬರೆದುದು ರಚನೆ. ವಿವಾದ ನಡೆಯಬೇಕಾದುದು ಯಾವ ಹಾಡು ಎಂಬುದರ ಮೇಲಲ್ಲ. ಬರೆಯುವವರು ಯಾರು, ಅವರನ್ನು ಸಾಕುವವರು ಯಾರು ಎಂಬುದರ ಮೇಲೆ.

೫

ಈ ಪ್ರಶ್ನೆಗೆ ಹಿಂದೆ ಮೈಸೂರು ಕೊಟ್ಟ ಉತ್ತರ ಗಮನಾರ್ಹವಾದುದು. ಅರಮನೆಯಲ್ಲಿ ಆಂಗ್ಲ ಬ್ಯಾಂಡಿನ ಜೊತೆಗೆ ಕರ್ಣಾಟಕ ಬ್ಯಾಂಡೆಂಬುದೂ ಇದ್ದಿತು. ಬಸವಪ್ಪ ಶಾಸ್ತ್ರಿಗಳು ಬರೆದ ಸಂಸ್ಥಾನಗೀತೆ ದರ್ಬಾರಿನಲ್ಲಿ ಬ್ಯಾಂಡಿನ ನಾದದಲ್ಲಿ ಮೊಳಗುತ್ತಿದ್ದಿತು. ಜರ್ಮನಿಯ ಆಟೊ ಶ್ಮಿಟ್ಟರು ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸುತ್ತಿದ್ದ ಅರಮನೆಯಲ್ಲಿಯೇ ವೈಣಿಕ ವೆಂಕಟಗಿರಿಯಪ್ಪನವರು (೧೮೮೭–೧೯೫೨) ‘ನಗ್ಮಾ’ ಎಂಬ ಹೊಸ ಬಗೆಯ ವಾದ್ಯರಚನೆಗಳನ್ನು ಮಾಡಿದರು. ಸಂಸ್ಥಾನಗಳ ಕಾಲ ಮುಗಿದಮೇಲೆ ಬ್ಯಾಂಡು ಪೊಲೀಸ್ ಇಲಾಖೆಗೆ ಸೇರಿತು. ಕರ್ಣಾಟಕ, ಆಂಗ್ಲ ಎಂಬ ಎರಡು ವೃಂದಗಳೂ ಅಲ್ಲಿ ಮುಂದುವರಿದುವು. ದಸರೆಯಲ್ಲಿ ಅದನ್ನು ಕೇಳುವ ಜನಸಾಮಾನ್ಯರು ಇಂದಿಗೂ ಸಹಸ್ರಾರು.

ಈ ಕರ್ಣಾಟಕ ಬ್ಯಾಂಡಿನ ಸಂಗೀತವನ್ನು ಪಕ್ಷಪಾತವಿಲ್ಲದೆ ತೂಗಿ ನೋಡಬೇಕು. ಕೀಲಿಗಳಿಂದ ಕಟ್ಟಲ್ಪಟ್ಟ ವಾದ್ಯಗಳಲ್ಲಿ ತೋಡಿ, ಭೈರವಿಗಳ ಸೂಕ್ಷ್ಮ ಗಮಕಗಳು ಸಲೀಸಾಗಿ ಬರುವುದಿಲ್ಲ. ಇಪ್ಪತ್ತು ಮಂದಿ ಒಟ್ಟಿಗೆ ಅದನ್ನು ನುಡಿಸಹೊರಟರೆ ರಾಗದ ಮುಖ ಮಸಕಾಗುವುದು ಸಹಜ. ವಿಲಂಬ ಕಾಲದ ಕೃತಿಗಳು ಅದಕ್ಕೆ ಒಗ್ಗವು. ಆಲಾಪನೆಯಂತೂ ದೂರವೇ ಉಳಿಯಿತು. ಆದರೆ ಮಧ್ಯಮಕಾಲದ ಕೃತಿಗಳು, ಚಿಟ್ಟೆಸ್ವರಗಳು, ನೋಟ್ಟುಗಳು, ಜತಿಗೂಡಿದ ತಿಲ್ಲಾನಗಳು ಅದರಲ್ಲಿ ಪಡೆಯುವ ಗಾಂಭೀರ್ಯ ಬೇರೆ ಯಾವ ಮೇಳದಲ್ಲಿಯೂ ದೊರೆಯದು. ಶಂಕರಾಭರಣ, ಬಿಲಹರಿ, ಮೋಹನಗಳಂತಹ ರಾಗಗಳು ಬಯಲಿನಲ್ಲಿ, ದೊಡ್ಡ ಜನಸಂದಣಿಯ ನಡುವೆ, ಧ್ವನಿವರ್ಧಕದ ಹಂಗಿಲ್ಲದೆ ಮೊಳಗುವುದು ಬ್ಯಾಂಡಿನಲ್ಲಿಯೇ. ಕಚೇರಿಯ ಅಳತೆಗೋಲಿನಿಂದ ಅದನ್ನು ಅಳೆದು ಹೀನವೆನ್ನುವುದು, ಯಕ್ಷಗಾನವನ್ನು ನಾಟಕಶಾಲೆಯ ನಿಯಮಗಳಿಂದ ಅಳೆದಂತೆ. ಅದಕ್ಕೆ ಅದರದೇ ಆದ ಲಕ್ಷಣಶಾಸ್ತ್ರ ಬೇಕು. ಆ ಕೆಲಸವನ್ನು ನಮ್ಮ ವಿಮರ್ಶಕರು ಇದುವರೆಗೆ ಕೈಗೆತ್ತಿಕೊಂಡುದು ಬಹಳ ಕಡಮೆ.

ಮಾಡಬೇಕಾದುದು ಮೂರು. ಮೊದಲನೆಯದಾಗಿ, ಬ್ಯಾಂಡಿಗಾಗಿ ಹೊಂದಿಸಿದ ರಚನೆಗಳನ್ನು ಸ್ವರಲಿಪಿಯಲ್ಲಿ ಅಚ್ಚುಮಾಡಬೇಕು. ಬ್ಯಾಂಡಿನಲ್ಲಿ ಒಬ್ಬೊಬ್ಬ ವಾದಕನ ಮುಂದೆ ಅವನವನ ಭಾಗ ಮಾತ್ರ ಇರುತ್ತದೆ. ಒಂದು ಹಾಳೆ ಕಳೆದರೆ ಇಡೀ ರಚನೆ ಕುಂಟುತ್ತದೆ. ಚಿನ್ನಸ್ವಾಮಿ ಮುದಲಿಯಾರರು ೧೮೯೩ರಲ್ಲಿ ನಮ್ಮ ಕೃತಿಗಳನ್ನು ಯೂರೋಪಿನ ಲಿಪಿಯಲ್ಲಿ ಪ್ರಕಟಿಸಿದರು. ಸುಬ್ಬರಾಮ ದೀಕ್ಷಿತರು ೧೯೦೪ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಅಚ್ಚುಹಾಕಿಸಿದರು. ಅವರು ಹಾಗೆ ಮಾಡದಿದ್ದರೆ ನಮ್ಮ ನಷ್ಟವೆಷ್ಟೆಂದು ಯೋಚಿಸಿದರೆ, ಬ್ಯಾಂಡಿನ ಹಾಳೆಗಳ ಬೆಲೆ ತಿಳಿಯುತ್ತದೆ. ಎರಡನೆಯದಾಗಿ, ನಮ್ಮ ರಚನಕಾರರು ಬ್ಯಾಂಡಿಗೆಂದೇ ಬರೆಯಬೇಕು. ಸಂಗೀತ ಸಭೆಗಳು ವರ್ಷಕ್ಕೊಂದನ್ನಾದರೂ ಕೇಳಿ ಬರೆಸಬೇಕು. ಮೂರನೆಯದಾಗಿ, ಬ್ಯಾಂಡಿಗೆ ಮತ್ತೆ ಒಂದು ಊರು ಬೇಕು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಬ್ಯಾಂಡಿಗಾಗಿಯೇ ಕಟ್ಟಿದ ಮಂಟಪವಿದೆ. ಮಂತ್ರಿಗಳು ಬಂದ ದಿನ ಮಾತ್ರ ನುಡಿಸುವ ಮೇಳ, ಹಾಡಿದ್ದೇ ಹಾಡುವ ಕಿಸಬಾಯಿ ದಾಸನಾಗುವುದು ಅನಿವಾರ್ಯ. ವಾರವಾರವೂ ಅದೇ ಜನರ ಮುಂದೆ ಕುಳಿತು ನುಡಿಸುವ ಮೇಳ ಹೊಸದನ್ನು ಕಲಿಯದೆ ವಿಧಿಯಿಲ್ಲ.

ಖರ್ಚಿನ ಮಾತು ಬಂದೇ ಬರುತ್ತದೆ. ಶಾಲೆಗಳಿಗೂ ಆಸ್ಪತ್ರೆಗಳಿಗೂ ಹಣ ಸಾಲದಿರುವಾಗ ಬ್ಯಾಂಡಿಗೇನು ಎಂದು ಕೇಳುವುದು ನ್ಯಾಯವೇ. ಹಳೆಯ ಪಲ್ಟಣದ ಅಧಿಕಾರಿಗಳು ತಮ್ಮ ಸಂಬಳದಿಂದ ಚಂದಾ ಹಾಕಿ ಬ್ಯಾಂಡನ್ನು ಸಾಕುತ್ತಿದ್ದರೆಂಬುದನ್ನು ಹಿಂದೆ ಹೇಳಿದೆವು. ಸರ್ಕಾರವು ಸಂಬಳವನ್ನು ಕೊಡಲಿ. ರಚನೆಗಳನ್ನು ಬರೆಸಿ ಅಚ್ಚುಮಾಡಿಸುವ ಭಾರವನ್ನು ಸಭೆಗಳೂ ಸಂಘಗಳೂ ಊರಿನ ಗೃಹಸ್ಥರೂ ಹೊರಲಾರದಷ್ಟು ದೊಡ್ಡದೇನಲ್ಲ. ಪಂಚಮಹಾಶಬ್ದದ ಮರ್ಯಾದೆಯನ್ನು ಕೊಡತಕ್ಕ ಸಾರ್ವಭೌಮರು ಈಗ ಇಲ್ಲ. ಪ್ರಜೆಗಳೇ ಸಾರ್ವಭೌಮರಾದ ಮೇಲೆ ಆ ಮರ್ಯಾದೆಯನ್ನು ಕೊಡುವ ಹೊಣೆಯೂ ಪ್ರಜೆಗಳದೇ. ಕೊಡುವವರಿಲ್ಲದೆ ಹೋದ ದಿನ ನಮ್ಮ ಬೀದಿಯಲ್ಲಿಯೂ ತುಟಿಗೆ ಯಂತ್ರದ ಕಹಳೆಯನ್ನಿಟ್ಟುಕೊಂಡ ಮೂಕ ಸಿಪಾಯಿ ಬಂದು ನಿಲ್ಲುವನು.